ಹತ್ತು ಕ್ವಿಂಟಲ್ ತೊಗರಿ ಇಟ್ಟುಕೊಂಡು ವ್ಯಾಪಾರ ಕಲಿಯೋದು ಹೇಗೆ?



ಹುಮನಾಬಾದ್, ಬಸವಕಲ್ಯಾಣ, ಮಾಣಿಕನಗರದ ಸುತ್ತಲಿನ ಹಳ್ಳಿಗಳ ಹುಡುಗರಿಂದ ನನಗೆ ಬರೋ ಮೆಸೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ತರಹ ಇರ್ತವೆ. "ಅಣ್ಣಾರ, ಮಿನಿ ದಾಲ್ ಮಿಲ್ ಹಾಕಬೇಕಂತ ಮಾಡೀನಿ. ಯಾವ ಮಷಿನ್ ಚಲೋ ಅದ? ಸಬ್ಸಿಡಿ ಎಷ್ಟು ಸಿಗ್ತದ?" ಕೆಲವರು ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸ ಬಿಟ್ಟು ಬಂದು ಕೇಳ್ತಾರೆ, ಕೆಲವರು ಬಿಡೋ ಮೊದಲು ಕೇಳ್ತಾರೆ. ಬಿಡೋ ಮೊದಲು ಕೇಳಿದವರಿಗೆ ಉತ್ತರ ಕೊಡೋದು ನನಗೂ ಸುಲಭ.

ಈ ಮೆಸೇಜುಗಳಲ್ಲಿ ಎರಡು ಪ್ರಶ್ನೆ ಕಾಣೋದೇ ಇಲ್ಲ. ತಿಂಗಳಿಗೆ ಎಷ್ಟು ಕೆ.ಜಿ. ಬೇಳೆ ಮಾರಿದ್ರೆ ನನ್ನ ಖರ್ಚು ಹುಟ್ಟುತ್ತೆ? ಅಷ್ಟು ಬೇಳೆ ತಗೊಳ್ಳೋರು ಯಾರು? ಮಷಿನ್ ಯಾವುದು ಅನ್ನೋದು ಇವೆರಡೂ ಆದಮೇಲಿನ ಮಾತು. ಲಕ್ಷಗಟ್ಟಲೆ ಸಾಲದ ಅರ್ಜಿಗೆ ಸಹಿ ಬೀಳೋದು ಒಂದು ಮಧ್ಯಾಹ್ನದ ಕೆಲಸ. ಕಂತು ಕಟ್ಟೋದು ಐದಾರು ವರ್ಷದ ಕೆಲಸ, ಅಷ್ಟರಲ್ಲಿ ತಂಗಿ ಮದುವೆ, ಅಪ್ಪನ ಆಸ್ಪತ್ರೆ, ಒಂದೆರಡು ಮಳೆ ಕೈಕೊಟ್ಟ ವರ್ಷ ಎಲ್ಲಾ ಬಂದು ಹೋಗ್ತವೆ. ಅದಕ್ಕೇ ಈ ವಾರ ಬೆಳೆಯ ಮಾತು ಬದಿಗಿಟ್ಟು ವ್ಯಾಪಾರದ ಮಾತು ಆಡೋಣ. ಉದಾಹರಣೆಗೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರೋ ತೊಗರಿಯನ್ನೇ ತಗೊಂಡಿದ್ದೇನೆ. ನೀವು ಬೆಲ್ಲ, ಶುಂಠಿ ಪುಡಿ, ಜೋಳದ ರೊಟ್ಟಿ ಏನೇ ಮಾಡಿದ್ರೂ ಲೆಕ್ಕದ ದಾರಿ ಇದೇ.

ವ್ಯಾಪಾರ ಕಲಿಸಿದ್ರೆ ಬರ್ತದಾ?

"ವ್ಯಾಪಾರ ಅಂದ್ರೆ ರಕ್ತದಾಗ ಬರ್ಬೇಕ್ರಿ, ನಮ್ಮಂಥ ಒಕ್ಕಲಿಗರಿಗೆ ಎಲ್ಲಿ ಬರ್ತದ?" ಅಂತ ಹಿರಿಯರು ಹೇಳೋದು ನೀವೂ ಕೇಳಿರ್ತೀರಿ. ಇದು ನಿಜವಾ ಅಂತ ಪರೀಕ್ಷೆ ಮಾಡಿದ ಪ್ರಸಿದ್ಧ ಪ್ರಯೋಗ ನಡೆದದ್ದು ನಮ್ಮಿಂದ ಬಹಳ ದೂರದಲ್ಲೇನಲ್ಲ. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಮತ್ತು ಅವರ ಜೊತೆಗಾರರು ಆಂಧ್ರದ ಕಾಕಿನಾಡ ಪಟ್ಟಣದ ಸಣ್ಣ ವ್ಯಾಪಾರಿಗಳನ್ನ, ಸಣ್ಣ ಉದ್ದಿಮೆದಾರರನ್ನ ಹೈದರಾಬಾದಿಗೆ ಕರೆಸಿ ತರಬೇತಿ ಕೊಟ್ಟರು. ತರಬೇತಿ ನಡೆದ ಸಂಸ್ಥೆ ಈಗಲೂ ಯೂಸುಫ್‌ಗುಡದಲ್ಲಿದೆ, ಹೆಸರು ಮಾತ್ರ ಬದಲಾಗಿ ರಾಷ್ಟ್ರೀಯ ಎಂಎಸ್‌ಎಂಇ ಸಂಸ್ಥೆ ಆಗಿದೆ. ಆಮೇಲಿನ ವರ್ಷಗಳಲ್ಲಿ ನೋಡಿದಾಗ, ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚಾಗಿ ಹೊಸ ಬಂಡವಾಳ ಹಾಕಿದ್ದರು, ಹೊಸ ಕೆಲಸ ಶುರು ಮಾಡಿದ್ದರು. ರಕ್ತದ ಮಾತು ಪೂರ್ತಿ ನಿಜ ಅಲ್ಲ ಅಂತಾಯ್ತು.

ಆ ತರಬೇತಿಗಳಿಂದ ಬಂದ ಒಂದು ಆಟ ಇವತ್ತಿಗೂ ಉದ್ಯಮ ತರಬೇತಿಗಳಲ್ಲಿ ಆಡಿಸ್ತಾರೆ. ನೆಲದ ಮೇಲೆ ಒಂದು ಗೂಟ. ಕೈಯಲ್ಲಿ ರಿಂಗು. ಎಷ್ಟು ದೂರದಿಂದ ಎಸೀಬೇಕು ಅನ್ನೋದು ನಿಮ್ಮ ಇಷ್ಟ. ಕೆಲವರು ಗೂಟದ ಪಕ್ಕದಲ್ಲೇ ನಿಂತು ಹಾಕ್ತಾರೆ, ಎಲ್ಲಾ ಬೀಳ್ತವೆ, ಅದರಲ್ಲಿ ಕಲಿಯೋದು ಏನೂ ಇಲ್ಲ. ಕೆಲವರು ಗೋಡೆಗೆ ಬೆನ್ನು ಹಚ್ಚಿ ಎಸೀತಾರೆ, ಬಿದ್ರೆ ದೇವರ ದಯೆ, ಬೀಳದಿದ್ರೆ ಗ್ರಹಚಾರ. ವ್ಯಾಪಾರದಲ್ಲಿ ನಿಲ್ಲೋರು ಸಾಮಾನ್ಯವಾಗಿ ಮಧ್ಯದಲ್ಲಿ ನಿಲ್ತಾರೆ. ಬೀಳಬಹುದು, ಬೀಳದೇ ಇರಬಹುದು, ಆದ್ರೆ ಪ್ರತಿ ಸಲ ಕೈ ಸ್ವಲ್ಪ ತಿದ್ದಿಕೊಳ್ಳೋಕೆ ಆಗುವಷ್ಟು ದೂರ. ಮೊದಲ ದಿನವೇ ಹತ್ತು ಲಕ್ಷದ ಮಿಲ್ ಹಾಕೋದು ಗೋಡೆಗೆ ಬೆನ್ನು ಹಚ್ಚಿ ಎಸೆದಂಗೆ. ಹತ್ತು ಕ್ವಿಂಟಲ್ ತೊಗರಿ ಬೇರೆಯವರ ಮಿಲ್‌ನಲ್ಲಿ ಒಡೆಸಿ ಮಾರೋದು ಮಧ್ಯದ ದೂರ.

ನಮ್ಮ ರಾಜ್ಯದಲ್ಲಿ ಇಂಥ ತರಬೇತಿ ಹಳ್ಳಿ ಹುಡುಗರಿಗೆ ಅಂತಲೇ ಶುರುವಾದದ್ದು 1982ರಲ್ಲಿ, ಉಜಿರೆಯಲ್ಲಿ. ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಷನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆ. ಮುಂದೆ ಕೇಂದ್ರ ಸರ್ಕಾರ ಇದೇ ಮಾದರಿ ಹಿಡಿದು ಜಿಲ್ಲೆಗೊಂದು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಮಾಡಿಸ್ತು. ಆರ್‌ಸೆಟಿ ಅಂತಾರಲ್ಲ, ಅದು. ನಮ್ಮ ಬೀದರ್‌ನಲ್ಲೂ ಇದೆ. ಊಟ, ವಸತಿ, ತರಬೇತಿ ಎಲ್ಲಾ ಉಚಿತ. ಹೈನುಗಾರಿಕೆ, ಮೊಬೈಲ್ ರಿಪೇರಿ, ಹೊಲಿಗೆ ಅಂತ ಕೋರ್ಸ್ ಯಾವುದೇ ಇರಲಿ, ಅದರ ಒಳಗೆ ಕೆಲವು ದಿನ ಮಾರುಕಟ್ಟೆ ಸಮೀಕ್ಷೆ, ಲೆಕ್ಕ ಬರೆಯೋದು, ಪ್ರಾಜೆಕ್ಟ್ ರಿಪೋರ್ಟ್ ಮಾಡೋದು ಇದ್ದೇ ಇರ್ತದೆ. ಮುಗಿದ ಮೇಲೆ ಎರಡು ವರ್ಷ ನಿಮ್ಮನ್ನ ವಿಚಾರಿಸ್ತಾ ಇರ್ತಾರೆ. ನನ್ನ ಮಟ್ಟಿಗೆ ಕೋರ್ಸಿನ ಹೆಸರಿಗಿಂತ ಈ ಕೆಲವು ದಿನಗಳೇ ಹೆಚ್ಚು ಬೆಲೆಬಾಳುವಂಥವು. ತೋಟಗಾರಿಕೆ ಓದುವಾಗ ನಮಗೆ ಕಸಿ ಕಟ್ಟೋದು ಕಲಿಸಿದ್ರು, ರೋಗ ಗುರುತು ಹಿಡಿಯೋದು ಕಲಿಸಿದ್ರು. ಉದ್ರಿ ವಸೂಲಿ ಮಾಡೋದು ಮಾತ್ರ ಯಾವ ಸೆಮಿಸ್ಟರ್‌ನಲ್ಲೂ ಇರಲಿಲ್ಲ.

ಒಂದು ಕೆ.ಜಿ. ಬೇಳೆಯ ಲೆಕ್ಕ

ಈಗ ಪೆನ್ನು ತಗೊಳ್ಳಿ. ಕೆಳಗಿನ ಅಂಕಿಗಳು ಲೆಕ್ಕ ಕಲಿಯೋಕೆ ಇಟ್ಟುಕೊಂಡವು. ನಿಮ್ಮೂರಿನ ಅಂಕಿ ಹಾಕಿ ನೀವೇ ಮತ್ತೊಮ್ಮೆ ಮಾಡಬೇಕು, ಇಲ್ಲಾಂದ್ರೆ ಓದಿ ಪ್ರಯೋಜನ ಇಲ್ಲ.

ತೊಗರಿ ಕ್ವಿಂಟಲಿಗೆ 8,000 ರೂಪಾಯಿ ಅಂತ ಇಟ್ಟುಕೊಳ್ಳೋಣ. 2025-26ರ ಬೆಂಬಲ ಬೆಲೆ ಅಷ್ಟೇ ಇತ್ತು. "ನಮ್ಮ ಹೊಲದ್ದೇ ತೊಗರಿ, ನಮಗೆ ಪುಕ್ಕಟೆ" ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಅಡತಿಗೆ ಹಾಕಿದ್ರೆ ಅಷ್ಟು ದುಡ್ಡು ಇವತ್ತೇ ಕೈಗೆ ಬರ್ತಿತ್ತು. ಹಾಗಾಗಿ ನಿಮ್ಮ ಹೊಲ ನಿಮ್ಮ ವ್ಯಾಪಾರಕ್ಕೆ 8,000ಕ್ಕೆ ಮಾಲು ಮಾರಿತು ಅಂತಲೇ ಬರೀಬೇಕು. ಹೊಲ ಬೇರೆ, ವ್ಯಾಪಾರ ಬೇರೆ. ಇದೊಂದು ತಲೆಗೆ ಹೋದ್ರೆ ಅರ್ಧ ಪಾಠ ಆದಂಗೆ.

ಒಂದು ಕ್ವಿಂಟಲ್ ಒಡೆಸಿದ್ರೆ 70 ಕೆ.ಜಿ. ಬೇಳೆ ಬಂತು ಅನ್ನೋಣ. ನುಚ್ಚು, ಹೊಟ್ಟು ದನದ ಮೇವಿಗೆ ಮಾರಿದ ದುಡ್ಡು ಮಿಲ್‌ನವರ ಕೂಲಿಗೆ ಸರಿಹೋಯ್ತು ಅನ್ನೋಣ. ಹಾಗಾದ್ರೆ ಕೆ.ಜಿ. ಬೇಳೆಗೆ ಮಾಲಿನ ಖರ್ಚೇ 114 ರೂಪಾಯಿ. ಪ್ಯಾಕೆಟ್, ಲೇಬಲ್ 5. ಸಾಗಾಟ ಮತ್ತು ಜಾತ್ರೆ, ಸಂತೆಯ ಜಾಗದ ಬಾಡಿಗೆ 7. ಹರಿದದ್ದು, ಹುಳ ಬಿದ್ದದ್ದು, ವಸೂಲಾಗದ ಉದ್ರಿ 3. ಇನ್ನು ಬಡ್ಡಿ. ತೊಗರಿ ಬರೋದು ವರ್ಷಕ್ಕೊಮ್ಮೆ, ಮಾರೋದು ವರ್ಷಪೂರ್ತಿ. ಸರಾಸರಿ ಆರು ತಿಂಗಳು ದುಡ್ಡು ಮಾಲಿನಲ್ಲಿ ಸಿಕ್ಕಿಕೊಂಡಿರ್ತದೆ. ಶೇ. 12ರಂತೆ ಹಿಡಿದ್ರೆ ಕೆ.ಜಿ.ಗೆ 7. ಎಲ್ಲಾ ಕೂಡಿ 136 ರೂಪಾಯಿ.

ನೇರವಾಗಿ ಗಿರಾಕಿಗೆ 160ಕ್ಕೆ ಮಾರಿದ್ರಿ ಅನ್ನಿ. ಕೆ.ಜಿ.ಗೆ 24 ರೂಪಾಯಿ ಉಳೀತು. ಇದು ಲಾಭ ಅಲ್ಲ, ಇನ್ನೂ ನಿಮ್ಮ ಕೂಲಿ ಬಂದಿಲ್ಲ. ತಿಂಗಳಿಗೆ ನಿಮ್ಮ ಕೂಲಿ ಅಂತ ಬರೀ 8,000 ಇಡಿ (ಪುಣೆಯಲ್ಲಿ ಇದಕ್ಕಿಂತ ಹೆಚ್ಚೇ ಸಿಗ್ತಿತ್ತು ಅಂತೀರಾ, ಹೌದು), ಪೆಟ್ರೋಲ್ 2,500, ಕೋಣೆ ಬಾಡಿಗೆ, ಕರೆಂಟು, ಮೊಬೈಲ್ 1,500. ಒಟ್ಟು 12,000. ಮಾಲು ಹೋಗಲಿ ಬಿಡಲಿ, ಈ ಖರ್ಚು ಇದ್ದೇ ಇರ್ತದೆ. 12,000ವನ್ನ 24ರಿಂದ ಭಾಗಿಸಿ. 500 ಕೆ.ಜಿ. ಪ್ರತಿ ತಿಂಗಳು 500 ಕೆ.ಜಿ. ಬೇಳೆ ನೇರವಾಗಿ ಗಿರಾಕಿ ಕೈಗೆ ಹೋದ್ರೆ ನೀವು ನಷ್ಟದಲ್ಲಿ ಇಲ್ಲ, ಅಷ್ಟೇ. ಮನೆಗೆ ತಿಂಗಳಿಗೆ ಎರಡು ಕೆ.ಜಿ. ಅಂದ್ರೂ 250 ಮನೆ.

ಇಲ್ಲೇ ಎರಡು ವಿಷಯ ಗಮನಿಸಿ. ಒಂದು, ಬೇಳೆ 70ರ ಬದಲು 65 ಕೆ.ಜಿ. ಬಂದ್ರೆ ಏನಾಗ್ತದೆ? ಮಾಲಿನ ಖರ್ಚು 114ರಿಂದ 123ಕ್ಕೆ ಏರ್ತದೆ. ಉಳಿಯೋದು 24 ಅಲ್ಲ, 15. ತಿಂಗಳಿಗೆ 500 ಕೆ.ಜಿ. ಅಲ್ಲ, 800 ಕೆ.ಜಿ. ಮಾರಬೇಕು. ಬರೀ ಐದು ಕೆ.ಜಿ. ವ್ಯತ್ಯಾಸ, ಅದು ಇಡೀ ವ್ಯಾಪಾರವನ್ನೇ ಬದಲಾಯಿಸ್ತದೆ. ಅದಕ್ಕೇ ಕಾಳು ಚೆನ್ನಾಗಿ ಒಣಗಿಸೋದು, ಒಂದೇ ಗಾತ್ರದ ಕಾಳು ಜರಡಿ ಹಿಡಿದು ಬೇರೆ ಮಾಡೋದು, ಎಣ್ಣೆ ಅಥವಾ ನೀರು ಹಚ್ಚಿ ಸರಿಯಾಗಿ ಹದ ಮಾಡೋದು ಇವೆಲ್ಲ ಕೃಷಿಯ ಮಾತೂ ಹೌದು, ದುಡ್ಡಿನ ಮಾತೂ ಹೌದು. ಒಡೆಸೋಕೆ ಹೋದಾಗ ಮಿಲ್ ಮುಂದೆ ನಿಂತು ತೂಕ ಮಾಡಿಸಿ. ಒಳಗೆ ಹೋದ ತೂಕ, ಹೊರಗೆ ಬಂದ ಬೇಳೆ, ನುಚ್ಚು, ಹೊಟ್ಟು, ನಾಲ್ಕೂ ಬರೆದುಕೊಳ್ಳಿ.

ಇನ್ನೊಂದು, ಅಂಗಡಿಗೆ ಕೊಟ್ರೆ ಹೇಗೆ? ಪೇಟೆಯ ಸಾವಯವ ಅಂಗಡಿ 20 ಪರ್ಸೆಂಟ್ ಮಾರ್ಜಿನ್ ಕೇಳಿದ್ರೆ 160ರ ಪ್ಯಾಕೆಟಿಗೆ ನಿಮಗೆ ಬರೋದು 128. ಜಾತ್ರೆ ಖರ್ಚು ಕಳೆದು ನಿಮ್ಮ ಖರ್ಚು 132 ಅಂತ ಹಿಡಿದ್ರೂ ಪ್ರತಿ ಕೆ.ಜಿ.ಗೆ 4 ರೂಪಾಯಿ ಕೈಯಿಂದ ಹೋಯ್ತು, ಕೂಲಿ ಬೇರೆ. "ಬಹಳ ಮಾಲು ಹೋಗ್ತದೆ, ಆಮೇಲೆ ಸರಿಹೋಗ್ತದೆ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಒಂದು ಕೆ.ಜಿ.ಯಲ್ಲಿ ಕಳಕೊಂಡದ್ದು ಸಾವಿರ ಕೆ.ಜಿ.ಯಲ್ಲಿ ಸಾವಿರ ಪಟ್ಟು ಕಳಕೋತೀರಿ. ಅಂಗಡಿಗೆ ಕೊಡಲೇಬೇಕು ಅಂದ್ರೆ ಬೆಲೆಯ ಲೆಕ್ಕವನ್ನ ಅಂಗಡಿಯಿಂದಲೇ ಶುರು ಮಾಡಬೇಕು.

ಮಷಿನಿಗಿಂತ ದೊಡ್ಡ ಖರ್ಚು

ತಿಂಗಳಿಗೆ 500 ಕೆ.ಜಿ. ಅಂದ್ರೆ ವರ್ಷಕ್ಕೆ 6,000 ಕೆ.ಜಿ. ಬೇಳೆ. ಅದಕ್ಕೆ ತೊಗರಿ ಬೇಕಾದದ್ದು ಸುಮಾರು 86 ಕ್ವಿಂಟಲ್. ಮಳೆಯಾಶ್ರಯದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂತು ಅಂದ್ರೂ 21-22 ಎಕರೆ ಆಯ್ತು. ನಮ್ಮಲ್ಲಿ ಎಷ್ಟು ಜನರಿಗೆ ಅಷ್ಟು ಹೊಲ ಇದೆ? ಅಂದ್ರೆ ಮುಕ್ಕಾಲು ಪಾಲು ಮಾಲು ನೀವು ಬೇರೆ ರೈತರಿಂದ ಖರೀದಿ ಮಾಡಬೇಕು. ಸುಗ್ಗಿಯಲ್ಲಿ ಎಲ್ಲಾ ಒಮ್ಮೆಗೇ ತಗೊಂಡ್ರೆ ಹತ್ತಿರ ಹತ್ತಿರ 6.9 ಲಕ್ಷ ರೂಪಾಯಿ ಬರೀ ಮಾಲಿಗೆ. ಮಷಿನಿಗೆ ಸಾಲ ಕೊಡೋಕೆ ಬ್ಯಾಂಕ್ ಮುಂದೆ ಬರ್ತದೆ, ಕಣ್ಣಿಗೆ ಕಾಣೋ ವಸ್ತು ಅದು. ಮಾಲಿನ ದುಡ್ಡಿನ ಬಗ್ಗೆ ಮೊದಲೇ ಬಾಯಿ ಬಿಟ್ಟು ಕೇಳದಿದ್ರೆ ಯಾರೂ ಕೊಡೋದಿಲ್ಲ. ಎಷ್ಟೋ ಊರುಗಳಲ್ಲಿ ಮಿಲ್ ಕೆಟ್ಟಿರೋದಿಲ್ಲ, ಆದ್ರೂ ತಾಡಪತ್ರಿ ಹೊದ್ದು ನಿಂತಿರ್ತದೆ. ಒಳಗೆ ಹಾಕೋಕೆ ಕಾಳಿಗೆ ದುಡ್ಡಿಲ್ಲ. ಇದನ್ನ ಬ್ಯಾಂಕಿನ ಭಾಷೆಯಲ್ಲಿ ದುಡಿಯುವ ಬಂಡವಾಳ ಅಂತಾರೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಮಷಿನಿನ ಕೆಳಗೆ ಇದಕ್ಕೆ ಒಂದು ಸಾಲು ಇದೆಯಾ ಅಂತ ಮೊದಲು ನೋಡಿ.

ಹಾಗಾಗಿ ಮೊದಲ ವರ್ಷಕ್ಕೆ ನನ್ನ ಸಲಹೆ ಹತ್ತೇ ಕ್ವಿಂಟಲ್. ಅಡತಿಗೆ ಹಾಕಿದ್ರೆ 80,000 ಬರ್ತಿತ್ತು. ಒಡೆಸಿದ್ರೆ 700 ಕೆ.ಜಿ. ಬೇಳೆ, 160ರಂತೆ 1,12,000. ಪ್ಯಾಕೆಟ್, ಸಾಗಾಟ, ಹಾಳು ಎಲ್ಲಾ ಕೂಡಿ ಕೆ.ಜಿ.ಗೆ 15ರಂತೆ 10,500 ಕಳೀರಿ. ಮೂರು ತಿಂಗಳಲ್ಲಿ ಮಾರಿ ಮುಗಿಸಿದ್ರೆ ಬಡ್ಡಿ 2,400. ಉಳಿದದ್ದು 19,100. ತಿಂಗಳಿಗೆ ಆರು ಸಾವಿರ ಚಿಲ್ಲರೆ. ದೊಡ್ಡ ದುಡ್ಡೇನಲ್ಲ, ನಿಜ. ಆದ್ರೆ ಒಂದು ಕಾಳೂ ಮಾರದೆ ಹೋದ್ರೂ ಮನೆ ಮುಳುಗೋದಿಲ್ಲ, ಮೂರು ತಿಂಗಳಲ್ಲಿ ಕಲಿಯೋದು ಮಾತ್ರ ಯಾವ ಕೋರ್ಸಿನಲ್ಲೂ ಸಿಗೋದಿಲ್ಲ.

ಗಿರಾಕಿ ಎಲ್ಲಿದ್ದಾರೆ?

ನಮ್ಮ ಭಾಗದ ದೊಡ್ಡ ಅನುಕೂಲ ರಸ್ತೆ ಮತ್ತು ದೇವಸ್ಥಾನ. ಪುಣೆ-ಹೈದರಾಬಾದ್ ಹೆದ್ದಾರಿ ಹುಮನಾಬಾದ್ ಮೇಲೆಯೇ ಹೋಗ್ತದೆ. ಹುಮನಾಬಾದಿಗೆ ಅಂಟಿಕೊಂಡಂತೆ ಮಾಣಿಕನಗರ. 1817ರಲ್ಲಿ ಬಸವಕಲ್ಯಾಣ ಸಮೀಪದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳ ಸಮಾಧಿ ಇರೋ ಊರು. ದತ್ತ ಜಯಂತಿಗೆ ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣದಿಂದಲೂ ಭಕ್ತರು ಬರ್ತಾರೆ. ಜನವರಿಯಲ್ಲಿ ಹುಮನಾಬಾದ್ ವೀರಭದ್ರೇಶ್ವರ ಜಾತ್ರೆ. ಬಸವಕಲ್ಯಾಣಕ್ಕೆ ಬಸವ ಜಯಂತಿಗೆ ಬರೋ ಜನ ಬೇರೆ. ಕುಟುಂಬ ಸಮೇತ ಬಂದು, ಊರಿಗೆ ಏನಾದ್ರೂ ತಗೊಂಡು ಹೋಗಬೇಕು ಅಂತ ಕೈಯಲ್ಲಿ ಚೀಲ ಹಿಡಿದಿರೋ ಗಿರಾಕಿ ಇವರು. ಬೆಂಗಳೂರಿನಲ್ಲಿ ಇಂಥ ಗಿರಾಕಿಯನ್ನ ಹುಡುಕೋಕೆ ಜಾಹೀರಾತಿಗೆ ದುಡ್ಡು ಸುರೀಬೇಕು.

ಆದ್ರೆ ಪಂಚಾಂಗ ಮತ್ತು ಹೊಲ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ದತ್ತ ಜಯಂತಿ ಬರೋದು ಮಾರ್ಗಶಿರ ಹುಣ್ಣಿಮೆಗೆ, ಡಿಸೆಂಬರ್ ಹೊತ್ತಿಗೆ. ಆಗ ನಮ್ಮ ತೊಗರಿ ಇನ್ನೂ ಹೊಲದಲ್ಲೇ ಇರ್ತದೆ ಅಥವಾ ಆಗಷ್ಟೇ ಕೊಯ್ಲಿಗೆ ಬಂದಿರ್ತದೆ. ಹೊಸ ತೊಗರಿ ಬೇಳೆ ಅಂತ ಬೋರ್ಡ್ ಹಾಕೋಕೆ ಆಗೋದಿಲ್ಲ. ಆ ಸಮಯಕ್ಕೆ ನಮ್ಮ ಹತ್ತಿರ ಹೊಸದಾಗಿ ಇರೋದು ಮುಂಗಾರಿನ ಹೆಸರು ಮತ್ತು ಉದ್ದು. ದತ್ತ ಜಯಂತಿಗೆ ಹೆಸರುಬೇಳೆ, ಉದ್ದಿನಬೇಳೆ ಇಟ್ಟು ಗಿರಾಕಿಯ ಫೋನ್ ನಂಬರ್ ತಗೊಳ್ಳೋದು, ಫೆಬ್ರವರಿಯಲ್ಲಿ ಅದೇ ನಂಬರುಗಳಿಗೆ ಹೊಸ ತೊಗರಿ ಬೇಳೆ ಬಂತು ಅಂತ ಫೋಟೋ ಕಳಿಸೋದು, ಬಸವ ಜಯಂತಿಗೆ ಹಿಂಗಾರಿ ಬಿಳಿಜೋಳವನ್ನೂ ಸೇರಿಸೋದು. ಹೀಗೆ ಜೋಡಿಸಿಕೊಂಡ್ರೆ ಜಾತ್ರೆಯ ಎರಡು ದಿನದ ವ್ಯಾಪಾರ ವರ್ಷದ ಗಿರಾಕಿ ಆಗ್ತದೆ.

ಭಾಷೆಯ ವಿಷಯವೂ ಅಷ್ಟೇ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರುಗಳು ನಮ್ಮವು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ನಮ್ಮ ಹುಡುಗರ ಬಾಯಲ್ಲಿ ಸಲೀಸಾಗಿ ಬರ್ತವೆ. ಬೇರೆ ಜಿಲ್ಲೆಯವರು ಇದಕ್ಕೆ ಸಂಬಳ ಕೊಟ್ಟು ಆಳು ಇಡಬೇಕು. ಲೇಬಲ್ಲಿನ ಮೇಲೆ ಕನ್ನಡದ ಕೆಳಗೆ ಸಣ್ಣದಾಗಿ ಮರಾಠಿಯಲ್ಲೂ ತೆಲುಗಿನಲ್ಲೂ "ತೊಗರಿ ಬೇಳೆ" ಅಂತ ಹಾಕಿಸಿ. ಸೋಲಾಪುರದ ಅಜ್ಜಿಗೆ "ತೂರ್ ಡಾಳ್" ಅಂತ ಕಂಡ್ರೆ ಕೈ ಚಾಚ್ತಾಳೆ.

ಪ್ಯಾಕೆಟ್ ಮಾಡಿಸೋ ಮೊದಲು ಒಂದು ಭಾನುವಾರ ಇಪ್ಪತ್ತು ಮನೆ ತಿರುಗಿ ಬನ್ನಿ. ನೆಂಟರ ಮನೆ ಬೇಡ, ನೆಂಟರು ನಿಮ್ಮ ಮುಖ ನೋಡಿ ಹೂಂ ಅಂತಾರೆ. "ನಾವು ಸಾವಯವ ಬೇಳೆ ಮಾಡಿದ್ರೆ ತಗೋತೀರಾ?" ಅಂತಲೂ ಕೇಳಬೇಡಿ. ಈ ಪ್ರಶ್ನೆಗೆ ಬೇಡ ಅನ್ನೋರು ಯಾರಿದ್ದಾರೆ? "ಅಕ್ಕಾರ, ಹೋದ ತಿಂಗಳು ಬೇಳೆ ಎಲ್ಲಿಂದ ತಂದ್ರಿ, ಎಷ್ಟು ಕೆ.ಜಿ., ಎಷ್ಟು ಕೊಟ್ರಿ, ಕುದಿಯಲಕ್ಕ ಎಷ್ಟೊತ್ತು ಹಿಡೀತು?" ಅಂತ ಕೇಳಿ. ಆಗಿ ಹೋದದ್ದನ್ನ ಕೇಳಿದ್ರೆ ನಿಜ ಸಿಗ್ತದೆ. ನಾನು ಕೇಳಿದ ಮನೆಗಳಲ್ಲಿ ಹೆಚ್ಚು ಬಂದ ದೂರು ಬೆಲೆ ಅಲ್ಲ, ಬೇಳೆ ಬೇಯೋದಿಲ್ಲ ಅನ್ನೋದು. ಅಂದ್ಮೇಲೆ ಜಾತ್ರೆಯ ಅಂಗಡಿಯಲ್ಲಿ ದೊಡ್ಡ ಬ್ಯಾನರಿಗಿಂತ ಒಂದು ಕುಕ್ಕರ್, ಒಂದು ಬಟ್ಟಲು ಬಿಸಿ ಬೇಳೆಕಟ್ಟು ಹೆಚ್ಚು ಮಾತಾಡ್ತದೆ.

ಕಿರ್ದಿ, ಖಾತೆ, ಉದ್ರಿ

ಬಸವಣ್ಣನವರನ್ನ ನಾವು ಕಲ್ಯಾಣದ ಮಹಾಪುರುಷ ಅಂತ ಪೂಜೆ ಮಾಡ್ತೀವಿ. ಅವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿಕೊಂಡವರು ಅನ್ನೋದನ್ನ ಮಾತ್ರ ಮರೆತುಬಿಡ್ತೀವಿ. ಅಂಥ ಊರಿನವರು ಲೆಕ್ಕ ಬರೆಯೋಕೆ ಬೇಸರ ಪಡಬಾರದು!

ಫೋನ್‌ಪೇ ಹಿಸ್ಟರಿ ಲೆಕ್ಕ ಅಲ್ಲ. ಅದರಲ್ಲಿ ಗೊಬ್ಬರದ ದುಡ್ಡು, ಗೆಳೆಯನಿಗೆ ಕೊಟ್ಟದ್ದು, ರೀಚಾರ್ಜು ಎಲ್ಲಾ ಕಲಸಿಕೊಂಡಿರ್ತದೆ. ವ್ಯಾಪಾರಕ್ಕೆ ಅಂತ ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ಅದಕ್ಕೇ ಬೇರೆ ಕ್ಯೂಆರ್ ಕೋಡ್ ಮಾಡಿಸಿ. ಮನೆಗೆ ದುಡ್ಡು ಬೇಕಾದ್ರೆ ತಿಂಗಳಿಗೊಮ್ಮೆ ನಿಮ್ಮ ಕೂಲಿ ಅಂತ ತಗೊಳ್ಳಿ, ನಡುವೆ ಕೈ ಹಾಕಬೇಡಿ. ಆಮೇಲೆ ಹಳೇ ಕಾಲದ ಕಿರ್ದಿ. ದಿನ ರಾತ್ರಿ ಐದು ನಿಮಿಷ. ಇವತ್ತು ಬಂದದ್ದು, ಹೋದದ್ದು, ಉಳಿದದ್ದು. ಪುಸ್ತಕದಲ್ಲಾದ್ರೂ ಬರೀರಿ, ಮೊಬೈಲ್ ಶೀಟಿನಲ್ಲಾದ್ರೂ ಬರೀರಿ. ಬ್ಯಾಂಕ್ ಮ್ಯಾನೇಜರ್ ಮುಂದೆ ಆರು ತಿಂಗಳ ಕಿರ್ದಿ ಇಟ್ಟು ಕೂತವನ ಮಾತಿನ ತೂಕವೇ ಬೇರೆ.

ಉದ್ರಿಗೆ ಒಂದು ಪ್ರತ್ಯೇಕ ಪುಟ ಇರಲಿ. ಹೆಸರು, ತಾರೀಖು, ಎಷ್ಟು, ಯಾವತ್ತು ಕೊಡ್ತೀನಿ ಅಂದ್ರು. ಒಬ್ಬ ಅಂಗಡಿಯವರು ನನ್ನ ತರಕಾರಿ ದುಡ್ಡನ್ನ ನಾಲ್ಕು ತಿಂಗಳು ಎಳೆದಾಡಿಸಿದ್ರು. ಮಾಲು ಮಾತ್ರ ವಾರಕ್ಕೆ ಎರಡು ಸಲ ಬೇಕಿತ್ತು. ಆಮೇಲಿಂದ ನನ್ನದು ಒಂದೇ ನಿಯಮ: ಹಿಂದಿನ ಬಾಕಿ ಬಂದ್ಮೇಲೆ ಮುಂದಿನ ಮಾಲು. ಜಗಳ ಬೇಡ, ಜೋರು ದನಿ ಬೇಡ. "ಕಾಕಾ, ಹೋದ ಸಲದ್ದು ಹಾಕಿದ್ರ ನಾಳೆ ಗಾಡಿ ಕಳಿಸ್ತೀನ್ರಿ" ಅಂತ ನಗುತ್ತಾ ಹೇಳಿದ್ರೆ ಸಾಕು. ಊರೊಳಗೆ ಉದ್ರಿ ಇಲ್ಲ ಅನ್ನೋದು ಕಷ್ಟ ಅಂತ ಗೊತ್ತು. ಅದಕ್ಕೇ ತಿಂಗಳಿಗೆ ಒಟ್ಟು ಎಷ್ಟು ಉದ್ರಿ ಕೊಡಬಹುದು ಅಂತ ಒಂದು ಮಿತಿ ಹಾಕಿಕೊಳ್ಳಿ, ಮುಟ್ಟಿದ ಮೇಲೆ ಅಕ್ಕನ ಗಂಡನಿಗೂ ನಗದೇ.

ಕಾಗದ ಪತ್ರ

ಇದನ್ನ ಚಿಕ್ಕದಾಗಿ ಹೇಳ್ತೀನಿ. ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ರೆ ಮೊಬೈಲಲ್ಲೇ ಆಗ್ತದೆ, ಸಂಪೂರ್ಣ ಉಚಿತ. ಎರಡು ಸಾವಿರ ಕೇಳೋ ವೆಬ್‌ಸೈಟುಗಳು ಸರ್ಕಾರದ್ದಲ್ಲ. ಆಹಾರ ಪದಾರ್ಥ ಪ್ಯಾಕ್ ಮಾಡಿ ಮಾರೋಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಸಣ್ಣ ತಯಾರಕರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ, ಸಿಗೋದು 14 ಅಂಕಿಯ ನಂಬರ್. ಪ್ಯಾಕೆಟ್ ಮೇಲೆ ಅದರ ಜೊತೆ ಮಾಲಿನ ಹೆಸರು, ನಿವ್ವಳ ತೂಕ, ಗರಿಷ್ಠ ಬೆಲೆ, ಪ್ಯಾಕ್ ಮಾಡಿದ ತಿಂಗಳು, ನಿಮ್ಮ ವಿಳಾಸ, ದೂರಿಗೆ ಫೋನ್ ನಂಬರ್ ಇರಬೇಕು. ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಿ.

ಗಡಿ ಜಿಲ್ಲೆಯ ನಾವು ಜಿಎಸ್‌ಟಿಯ ಒಂದು ಮಾತನ್ನ ವಿಶೇಷವಾಗಿ ನೆನಪಿಡಬೇಕು. ರಾಜ್ಯದ ಒಳಗೆ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ ಅಂತಾರೆ, ಸರಿ. ಆದ್ರೆ ತೆರಿಗೆ ಬೀಳೋ ಮಾಲನ್ನ ರಾಜ್ಯದ ಗಡಿ ದಾಟಿಸಿ ಮಾರಿದ್ರೆ ಈ ವಿನಾಯಿತಿ ಇಲ್ಲ. 2022ರ ಜುಲೈನಲ್ಲಿ ಲೇಬಲ್ ಹಚ್ಚಿದ ಸಣ್ಣ ಪ್ಯಾಕೆಟ್ ಬೇಳೆಗೆ ಶೇ. 5 ತೆರಿಗೆ ಹಾಕಿದ್ರು. ಸೋಲಾಪುರದವರು ಮಾಣಿಕನಗರಕ್ಕೆ ಬಂದು ನಿಮ್ಮ ಅಂಗಡಿಯಲ್ಲಿ ಕೈಯಾರೆ ತಗೊಂಡು ಹೋದ್ರೆ ಅದು ಕರ್ನಾಟಕದೊಳಗಿನ ಮಾರಾಟ. ಅದೇ ಪ್ಯಾಕೆಟನ್ನ ನೀವು ಸೋಲಾಪುರಕ್ಕೆ ಪಾರ್ಸಲ್ ಮಾಡಿದ್ರೆ ಲೆಕ್ಕ ಬೇರೆ. ಜಹೀರಾಬಾದಿಗೆ, ಉಮರ್ಗಾಕ್ಕೆ ಗಾಡಿ ಕಳಿಸೋ ಮೊದಲು ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಅರ್ಧ ಗಂಟೆ ಕೂತು ಬನ್ನಿ.

"ಸಾವಯವ" ಅನ್ನೋ ಪದದ ಬಗ್ಗೆಯೂ ಹುಷಾರು. ಸಣ್ಣ ರೈತ ತನ್ನ ಬೆಳೆಯನ್ನ ನೇರವಾಗಿ ತಿನ್ನೋರಿಗೆ ಮಾರುವಾಗ ಪ್ರಮಾಣಪತ್ರದ ವಿನಾಯಿತಿ ಇದೆ, ಜೈವಿಕ್ ಭಾರತ್ ಲಾಂಛನ ಮಾತ್ರ ಹಾಕೋ ಹಾಗಿಲ್ಲ. ಆದ್ರೆ ನೀವು ಬೇರೆಯವರ ತೊಗರಿ ಖರೀದಿ ಮಾಡಿದ ದಿನದಿಂದ ಅವರ ಹೊಲದ ಔಷಧಿ ಡಬ್ಬಕ್ಕೂ ನೀವೇ ಜವಾಬ್ದಾರರು. ಹಾಗೇ, ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ ಅಂತ ಆ ಹೆಸರನ್ನ ಯಾರು ಬೇಕಾದ್ರೂ ಪ್ಯಾಕೆಟ್ ಮೇಲೆ ಅಚ್ಚು ಹಾಕೋಕೆ ಬರೋದಿಲ್ಲ, ಅದಕ್ಕೆ ಅಧಿಕೃತ ಬಳಕೆದಾರ ಅಂತ ನೋಂದಣಿ ಆಗಿರಬೇಕು. ನಿಮ್ಮ ಊರಿನ ಹೆಸರೇ ಹಾಕಿ. ಚಲೋ ಬೇಳೆ ಕೊಟ್ರೆ ಆ ಹೆಸರೇ ಓಡ್ತದೆ.

ಸಾಲ, ಸಬ್ಸಿಡಿ

ಮುದ್ರಾ ಯೋಜನೆಯಲ್ಲಿ ಮೊದಲ ಹಂತ ಶಿಶು, 50,000 ರೂಪಾಯಿವರೆಗೆ. ಹೊಲ ಅಡ ಇಡಬೇಕಿಲ್ಲ. ನಾನು ಹೇಳಿದ ಹತ್ತು ಕ್ವಿಂಟಲ್ ಪ್ರಯೋಗಕ್ಕೆ ಅದೂ ಪೂರ್ತಿ ಬೇಕಾಗೋದಿಲ್ಲ. ದೊಡ್ಡ ಹೆಜ್ಜೆಗೆ ಪಿಎಂಇಜಿಪಿ ಇದೆ, ಆಹಾರ ಸಂಸ್ಕರಣೆಗೆ ಅಂತಲೇ ಪಿಎಂಎಫ್‌ಎಂಇ ಬಂತು, ಅದರಲ್ಲಿ ಯೋಜನೆಯ ಶೇ. 35ರ ಮೇಲೆ ರಾಜ್ಯ ಶೇ. 15 ಸೇರಿಸಿತ್ತು. ಅರ್ಜಿ ಹಾಕೋ ದಿನಕ್ಕೆ ಯಾವುದು ಚಾಲ್ತಿಯಲ್ಲಿದೆ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ.

ಈ ಯೋಜನೆಗಳಲ್ಲಿ ಎಲ್ಲರೂ ತಪ್ಪು ತಿಳ್ಕೊಳ್ಳೋದು ಒಂದೇ ಜಾಗದಲ್ಲಿ. ಸಬ್ಸಿಡಿ ನಿಮ್ಮ ಕೈಗೆ ಬರೋದಿಲ್ಲ. ಪೂರ್ತಿ ಸಾಲ ಮಂಜೂರಾಗಿ, ಸಬ್ಸಿಡಿ ದುಡ್ಡು ನಿಮ್ಮ ಹೆಸರಿನ ಠೇವಣಿಯಾಗಿ ಬ್ಯಾಂಕಿನಲ್ಲೇ ಮೂರು ವರ್ಷ ಕೂತಿರ್ತದೆ. ಘಟಕ ನಡೀತಾ ಇದ್ರೆ, ಕಂತು ಸರಿಯಾಗಿದ್ರೆ ಆಮೇಲೆ ಸಾಲಕ್ಕೆ ಜಮಾ. ಮೂರು ವರ್ಷದೊಳಗೆ ಮಿಲ್ ನಿಂತ್ರೆ ಸಬ್ಸಿಡಿ ಸಿಗೋದು ಅನುಮಾನ, ಸಾಲ ಮಾತ್ರ ಪೂರ್ತಿ ನಿಮ್ಮದೇ. "ಅರ್ಧ ಪುಕ್ಕಟೆ ಅದ, ತಗೊಂಡು ಬಿಡು" ಅನ್ನೋ ಏಜೆಂಟ್ ಆ ಮೂರು ವರ್ಷ ನಿಮ್ಮ ಜೊತೆ ಇರೋದಿಲ್ಲ.

ಹಾಗಾದ್ರೆ ಸ್ವಂತ ಮಷಿನ್ ಯಾವಾಗ? ನನ್ನ ಅಳತೆ ಇದು. ಎರಡನೇ ಸಲ ತಾನಾಗಿಯೇ ಫೋನ್ ಮಾಡಿ ಬೇಳೆ ಕೇಳಿದ ಮನೆಗಳು ನೂರು ದಾಟಿರಬೇಕು. ಒಡೆಸೋಕೆ ಬೇರೆ ಮಿಲ್‌ನಲ್ಲಿ ಪಾಳಿ ಕಾಯ್ದು ಆರ್ಡರ್ ತಪ್ಪಿದ್ದು ಕಿರ್ದಿಯಲ್ಲಿ ಎರಡು ಮೂರು ಸಲ ಬಂದಿರಬೇಕು. ಒಂದು ಸುಗ್ಗಿಗೆ ಬೇಕಾದ ಮಾಲಿನ ದುಡ್ಡಿನ ದಾರಿ ಕಂಡಿರಬೇಕು. ಈ ಮೂರೂ ಆಗಿದ್ರೆ ಬೀದರ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಮಿನಿ ದಾಲ್ ಮಿಲ್ ಬಗ್ಗೆ ವಿಚಾರಿಸಿ. ಮೈಸೂರಿನ ಸಿಎಫ್‌ಟಿಆರ್‌ಐ ಅಲ್ಪಾವಧಿ ತರಬೇತಿಗಳನ್ನೂ ನೋಡಿ. ಯಾವ ಕಂಪನಿಯ ಮಷಿನ್ ಆದ್ರೂ ನಿಮ್ಮದೇ ಒಂದು ಕ್ವಿಂಟಲ್ ತೊಗರಿ ಹೊತ್ತುಕೊಂಡು ಹೋಗಿ ಅವರ ಮುಂದೆ ಒಡೆಸಿ ತೂಕ ಮಾಡಿ. 70 ಬಂತಾ, 65 ಬಂತಾ ಅನ್ನೋದು ಅಲ್ಲೇ ಗೊತ್ತಾಗ್ತದೆ.

ಈ ಸಲದ ತೊಗರಿಯಲ್ಲಿ ಹತ್ತು ಕ್ವಿಂಟಲ್ ಬೇರೆ ಇಡೋದಾದ್ರೆ, ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ. ಹಲ್ಲಿಗೆ ಹಾಕಿದ್ರೆ ಕಟ್ ಅನ್ನಬೇಕು, ತೇವಾಂಶ ಹತ್ತರ ಆಸುಪಾಸಿಗೆ ಇಳಿದಿರಬೇಕು. ಆರಿದ ಮೇಲೆ ಗಾಳಿ ಆಡದ ಒಳಚೀಲದಲ್ಲಿ ತುಂಬಿ ಬಿಗಿಯಾಗಿ ಕಟ್ಟಿ, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡಿ. ಚೀಲದ ಮೇಲೆ ತಾರೀಖು, ತೂಕ, ಯಾವ ಹೊಲದ್ದು ಅಂತ ಮಾರ್ಕರ್‌ನಿಂದ ಬರೀರಿ, ಅದೇ ಮಾತನ್ನ ಕಿರ್ದಿಯ ಮೊದಲ ಪುಟದಲ್ಲೂ ಬರೀರಿ, ಪಕ್ಕದಲ್ಲಿ ಆ ದಿನದ ಅಡತಿ ರೇಟು.